ಗಿರಾಕಿ ಯಾಕೆ ಕೊಂಡ, ಯಾಕೆ ಎದ್ದು ಹೋದ? ಚಪ್ಪಲಿ ಅಂಗಡಿಯ ಲೆಕ್ಕಶಾಸ್ತ್ರ

ದಾವಣಗೆರೆ: ಜೂನ್ ತಿಂಗಳು ಬಂತೆಂದರೆ ಅಶೋಕ ರಸ್ತೆಯಿಂದ ಮಂಡಿಪೇಟೆವರೆಗೆ ಪಾದರಕ್ಷೆ ಅಂಗಡಿಗಳಲ್ಲಿ ಕರಿ ಶೂ, ಬಿಳಿ ಸಾಕ್ಸಿನದೇ ದರ್ಬಾರು. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ನೋಟ್‌ಬುಕ್ಕಿನ ಚೀಲ ಹಿಡಿದ ತಾಯಂದಿರು ಬಂದು ಕೇಳುವ ಮಾತು ಎಲ್ಲಾ ಅಂಗಡಿಗಳಲ್ಲೂ ಒಂದೇ: "ಒಂದ್ ಸೈಜು ದೊಡ್ಡದೇ ಕೊಡ್ರಿ, ಮುಂದಿನ್ ವರ್ಷಕ್ಕೂ ಬರ್ಲಿ." ಅಂಗಡಿಯವರು ಮರುಮಾತಾಡದೆ ಒಂದು ಸೈಜು ದೊಡ್ಡದನ್ನೇ ಇಳಿಸುತ್ತಾರೆ. ಬೆರಳಿನ ತುದಿಗೆ ಹತ್ತಿ ತುರುಕಿ ಹಾಕಿಕೊಂಡು ಮಗು ಶಾಲೆಗೆ ಹೋಗುತ್ತದೆ.

ಈ ಸಣ್ಣ ವ್ಯಾಪಾರದ ಒಳಗೆ ದೊಡ್ಡ ಶಾಸ್ತ್ರವೊಂದು ಅಡಗಿದೆ ಎಂದರೆ ಓದುಗರು ನಗಬಹುದು. ಆದರೆ ನಿಜ. ಮನುಷ್ಯ ಯಾವ ಚಪ್ಪಲಿ ಕೊಳ್ಳುತ್ತಾನೆ, ಯಾಕೆ ಕೊಳ್ಳುತ್ತಾನೆ, ಬೆಲೆ ಹತ್ತು ರೂಪಾಯಿ ಏರಿಸಿದರೆ ಎಷ್ಟು ಜನ ಅಂಗಡಿಯ ಮೆಟ್ಟಿಲಿಳಿದು ಹೋಗುತ್ತಾರೆ ಎಂಬುದನ್ನು ಅಂಕಿ ಸಂಖ್ಯೆಗಳಲ್ಲಿ ಹಿಡಿಯುವ ಸಾಹಸ ವಿಶ್ವವಿದ್ಯಾಲಯಗಳಲ್ಲೂ, ದೊಡ್ಡ ಕಂಪನಿಗಳಲ್ಲೂ ವರ್ಷಗಟ್ಟಲೆಯಿಂದ ನಡೆದಿದೆ. ಇದಕ್ಕೆ ಸಂಖ್ಯಾಶಾಸ್ತ್ರದ ಮಾದರಿ ಎನ್ನುತ್ತಾರೆ. ಮಾದರಿ ಎಂದರೆ ಇಲ್ಲಿ ಶೋಕೇಸಿನಲ್ಲಿಟ್ಟ ಬೂಟಲ್ಲ, ಒಂದು ಸಮೀಕರಣ. ಎಡಗಡೆಗೆ ಗಿರಾಕಿಯ ತೀರ್ಮಾನ, ಬಲಗಡೆಗೆ ಅದರ ಕಾರಣಗಳು: ಬೆಲೆ, ಬಾಳಿಕೆ, ಬಣ್ಣ, ಬ್ರಾಂಡು, ಆದಾಯ, ವಯಸ್ಸು, ಮಳೆ, ಮದುವೆ.

ಇದನ್ನೇ ನಮ್ಮ ಹಳೇ ಅಂಗಡಿಯವರು ತಲೆಯಲ್ಲೇ ಮಾಡುತ್ತಾರೆ. ಗಿರಾಕಿ ಒಳಗೆ ಕಾಲಿಡುವಾಗ ಅವನ ಮುಖ ನೋಡುವುದಿಲ್ಲ, ಕಾಲು ನೋಡುತ್ತಾರೆ. ಹಳೇ ಮೆಟ್ಟಿನ ಹಿಮ್ಮಡಿ ಯಾವ ಕಡೆ ಸವೆದಿದೆ, ಬಾರಿಗೆ ಎಷ್ಟು ಸಲ ಹೊಲಿಗೆ ಬಿದ್ದಿದೆ, ಎಂಬುದನ್ನು ಕಂಡು ಯಾವ ಸಾಲಿನ ಡಬ್ಬಿ ಇಳಿಸಬೇಕೆಂದು ತೀರ್ಮಾನಿಸಿಬಿಡುತ್ತಾರೆ. ಇವರ ಸಮೀಕರಣ ಯಾವ ಪುಸ್ತಕದಲ್ಲೂ ಅಚ್ಚಾಗಿಲ್ಲ, ಅಷ್ಟೇ.

ಐದು ಚೌಕದ ಪ್ರಶ್ನೆಪತ್ರಿಕೆ

ಬಿಬಿಎ, ಎಂ.ಕಾಂ., ಎಂಬಿಎ ಓದುವ ಹುಡುಗ ಹುಡುಗಿಯರು ಪ್ರಾಜೆಕ್ಟಿಗೆಂದು ಪ್ರಶ್ನೆಪತ್ರಿಕೆ ಹಿಡಿದು ಪೇಟೆಯಲ್ಲಿ ತಿರುಗುವುದನ್ನು ಎಲ್ಲರೂ ನೋಡಿದ್ದೇವೆ. "ಪಾದರಕ್ಷೆ ಕೊಳ್ಳುವಾಗ ನಿಮಗೆ ಗುಣಮಟ್ಟ ಮುಖ್ಯವೇ?" ಎಂಬ ಪ್ರಶ್ನೆ. ಕೆಳಗೆ ಐದು ಚೌಕ: ಖಂಡಿತ ಹೌದು, ಹೌದು, ಹೇಳಲಾರೆ, ಇಲ್ಲ, ಖಂಡಿತ ಇಲ್ಲ. ಈ ಐದು ಚೌಕದ ಪದ್ಧತಿ ತಂದವನು ಅಮೆರಿಕದ ರೆನ್ಸಿಸ್ ಲೈಕರ್ಟ್ ಎಂಬ ಮನಶ್ಶಾಸ್ತ್ರಜ್ಞ, 1932ರಲ್ಲಿ. ಸುಮಾರು ನೂರು ವರ್ಷವಾಗುತ್ತಾ ಬಂದರೂ ಆ ಚೌಕಗಳು ಸವೆದಿಲ್ಲ.

ಪ್ರಶ್ನೆ ಕೇಳಿದರೆ "ಗುಣಮಟ್ಟ ಬೇಡ" ಎನ್ನುವ ಮನುಷ್ಯನನ್ನು ಹುಡುಕಿ ತನ್ನಿ ನೋಡೋಣ! ಎಲ್ಲರೂ "ಖಂಡಿತ ಹೌದು" ಎಂದೇ ಗುರುತು ಹಾಕುತ್ತಾರೆ. ಅದೇ ಮನುಷ್ಯ ಹತ್ತು ಹೆಜ್ಜೆ ಆಚೆ ಅಂಗಡಿಗೆ ಹೋಗಿ ಮೊದಲು ಕೇಳುವುದು "ಎಷ್ಟ್ರೀ ಇದು?" ಅಂತ. ಬಾಯಲ್ಲಿ ಹೇಳುವುದು ಒಂದು, ಜೇಬು ಹೇಳುವುದು ಇನ್ನೊಂದು. ಅರ್ಥಶಾಸ್ತ್ರದವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡರು. ಪಾಲ್ ಸ್ಯಾಮ್ಯುಯೆಲ್ಸನ್ ಎಂಬ ಪಂಡಿತ 1938ರಲ್ಲೇ ಜನರ ಇಷ್ಟವನ್ನು ಅವರ ಕೊಳ್ಳುವಿಕೆಯಿಂದಲೇ ಓದಬೇಕು ಎಂದು ವಾದ ಹೂಡಿದ.

ಇದಕ್ಕೊಂದು ಮಧ್ಯದ ದಾರಿಯನ್ನೂ ಕಂಡುಹಿಡಿದಿದ್ದಾರೆ. ಪಾಲ್ ಗ್ರೀನ್ ಮತ್ತು ವಿಠಲ ರಾವ್ ಎಂಬಿಬ್ಬರು ಪ್ರೊಫೆಸರುಗಳು 1971ರಲ್ಲಿ ಮಾರುಕಟ್ಟೆಯ ಅಧ್ಯಯನಕ್ಕೆ ತಂದ ಪದ್ಧತಿಯಿದು. ಗುಣಮಟ್ಟ ಬೇಕೇ, ಬೆಲೆ ಮುಖ್ಯವೇ ಎಂದು ಬೇರೆ ಬೇರೆ ಕೇಳುವುದಿಲ್ಲ. ಎರಡು ಚೀಟಿ ಮುಂದಿಡುತ್ತಾರೆ. ಒಂದರಲ್ಲಿ 350 ರೂಪಾಯಿಯ ಕಪ್ಪು ಶೂ, ಲೇಸು ಕಟ್ಟುವುದು, ಆರು ತಿಂಗಳ ಬಾಳಿಕೆ. ಇನ್ನೊಂದರಲ್ಲಿ 550 ರೂಪಾಯಿ, ಪಟ್ಟಿ ಅಂಟಿಸುವುದು, ಒಂದು ವರ್ಷದ ಬಾಳಿಕೆ. ಯಾವುದು ಬೇಕು, ಒಂದನ್ನು ಮಾತ್ರ ಎತ್ತಿಕೊಳ್ಳಿ! ಹೀಗೆ ಹತ್ತು ಹದಿನೈದು ಜೋಡಿ ಚೀಟಿ ತೋರಿಸಿದರೆ, ಆರು ತಿಂಗಳ ಹೆಚ್ಚಿನ ಬಾಳಿಕೆಗೆ ಈ ಮನುಷ್ಯ ಎಷ್ಟು ರೂಪಾಯಿ ಬಿಚ್ಚಲು ತಯಾರಿದ್ದಾನೆ ಎಂಬುದು ಲೆಕ್ಕಕ್ಕೆ ಸಿಗುತ್ತದೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕಾದಾಗ ಮಾತ್ರ ಮನುಷ್ಯನ ನಿಜ ಹೊರಬೀಳುತ್ತದೆ. ನಮ್ಮ ಕಾಲೇಜುಗಳ ಪ್ರಾಜೆಕ್ಟುಗಳಿಗೆ ಐದು ಚೌಕಕ್ಕಿಂತ ಇದು ವಾಸಿ.

ಬಾರದವರ ಲೆಕ್ಕ ಯಾರು ಬರೆಯುತ್ತಾರೆ?

ಇನ್ನೊಂದು ಗುಂಡಿ ಇದೆ. ಬಿಲ್ ಪುಸ್ತಕ ನೋಡಿ ಲೆಕ್ಕ ಹಾಕುವವರು ಬೀಳುವ ಗುಂಡಿ. ಬಿಲ್ ಪುಸ್ತಕದಲ್ಲಿ ಕೊಂಡವರಿದ್ದಾರೆ. ಕೊಳ್ಳದೆ ಎದ್ದು ಹೋದವರು ಎಲ್ಲಿ?

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಅಬ್ರಹಾಂ ವಾಲ್ಡ್ ಎಂಬ ಸಂಖ್ಯಾಶಾಸ್ತ್ರಜ್ಞನ ಮುಂದೆ ಇಂಥದೇ ಪ್ರಶ್ನೆ ಬಂತು. ಯುದ್ಧದಿಂದ ಮರಳಿ ಬಂದ ವಿಮಾನಗಳ ಮೈಮೇಲೆ ಎಲ್ಲೆಲ್ಲಿ ಗುಂಡಿನ ತೂತುಗಳಿವೆ ಎಂಬ ಲೆಕ್ಕವಿತ್ತು. ತೂತು ಹೆಚ್ಚಿದ್ದ ಕಡೆಗೇ ಹೆಚ್ಚು ತಗಡು ಹೊಡೆಯಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ವಾಲ್ಡನ ಲೆಕ್ಕ ಇದನ್ನು ತಿರುಗಿಸಿತು: ಅಲ್ಲಿ ಪೆಟ್ಟು ತಿಂದ ವಿಮಾನಗಳು ಮರಳಿ ಬಂದಿವೆ, ಎಂಜಿನ್ನಿಗೆ ಪೆಟ್ಟು ತಿಂದವು ಮರಳಿಯೇ ಬಂದಿಲ್ಲ, ಆದ್ದರಿಂದಲೇ ನಿಮ್ಮ ಲೆಕ್ಕದಲ್ಲಿ ಎಂಜಿನ್ನಿನ ತೂತು ಕಡಿಮೆ. ಈ ಮಹಾಶಯ ಭಾರತ ಸರ್ಕಾರದ ಆಹ್ವಾನದ ಮೇಲೆ ಉಪನ್ಯಾಸಕ್ಕೆ ಬಂದಿದ್ದಾಗ, 1950ರ ಡಿಸೆಂಬರಿನಲ್ಲಿ, ನಮ್ಮ ಪಕ್ಕದ ನೀಲಗಿರಿ ಬೆಟ್ಟದಲ್ಲಿ ವಿಮಾನ ಅಪಘಾತದಲ್ಲೇ ಹೆಂಡತಿಯೊಂದಿಗೆ ತೀರಿಕೊಂಡ ಎಂಬುದು ವಿಧಿಯ ಆಟ.

ಚಪ್ಪಲಿ ಅಂಗಡಿಗೂ ಇದೇ ಪಾಠ. 8ನೇ ಸೈಜು ಬಹಳ ಖರ್ಚಾಯಿತೆಂದು ಮುಂದಿನ ಸಲವೂ 8ನ್ನೇ ತರಿಸುವವನು, 10 ಕೇಳಿ ಸಿಗದೆ ಹೋದವರನ್ನು ಎಣಿಸಿಲ್ಲ. ಮಾಲ್‌ನಲ್ಲಿ ನಿಂತು ನೂರು ಜನರನ್ನು ಪ್ರಶ್ನೆ ಕೇಳುವ ವಿದ್ಯಾರ್ಥಿ, ಸಂತೆಯಲ್ಲಿ ಗೋಣಿತಾಟಿನ ಮೇಲೆ ರಾಶಿ ಹಾಕಿದ ಪ್ಲಾಸ್ಟಿಕ್ ಚಪ್ಪಲಿ ಕೊಳ್ಳುವವರನ್ನು ಕೇಳಿಲ್ಲ. ಬರಿಗಾಲಲ್ಲಿ ಇರುವವರನ್ನಂತೂ ಕೇಳುವ ಮಾತೇ ಇಲ್ಲ. ಆಮೇಲೆ ಕಂಪ್ಯೂಟರು ಎಷ್ಟೇ ಚೆನ್ನಾಗಿ ಕೂಡಿ ಕಳೆದರೂ, ಬಾರದವರ ಬಗ್ಗೆ ಅದು ಏನು ತಾನೇ ಹೇಳೀತು?

ದೊಡ್ಡ ಪಾದ, ಚುರುಕು ಓದು!

ಸಮೀಕರಣದ ತಂತ್ರಕ್ಕೆ ರಿಗ್ರೆಶನ್ ಎಂದು ಹೆಸರು. ಹಲವು ಕಾರಣಗಳಲ್ಲಿ ಒಂದೊಂದರ ಪಾಲು ಎಷ್ಟು ಎಂದು ಬಿಡಿಸಿ ತೋರಿಸುವ ವಿದ್ಯೆ ಇದು. ಬಿಡಿಸದಿದ್ದರೆ ಎಂಥ ಎಡವಟ್ಟಾಗುತ್ತದೆ ಎಂಬುದಕ್ಕೆ ಸಂಖ್ಯಾಶಾಸ್ತ್ರದ ಮೇಷ್ಟ್ರುಗಳು ಕ್ಲಾಸಿನಲ್ಲಿ ಹೇಳುವ ಉದಾಹರಣೆಯೂ ಶೂವಿನದೇ. ಪ್ರಾಥಮಿಕ ಶಾಲೆಯ ಮಕ್ಕಳೆಲ್ಲರ ಶೂ ಸೈಜು ಬರೆದುಕೊಳ್ಳಿ, ಪಕ್ಕದಲ್ಲಿ ಅವರು ಎಷ್ಟು ಚೆನ್ನಾಗಿ ಓದುತ್ತಾರೆಂಬ ಅಂಕ ಬರೆಯಿರಿ. ದೊಡ್ಡ ಶೂ ಹಾಕುವ ಮಕ್ಕಳು ಚೆನ್ನಾಗಿ ಓದುತ್ತಾರೆ! ಹಾಗೆಂದು ಮಗುವಿಗೆ ದೊಡ್ಡ ಬೂಟು ತೊಡಿಸಿದರೆ ಪಾಠ ಬರುತ್ತದೆಯೇ? ನಡುವೆ ಅಡಗಿರುವುದು ವಯಸ್ಸು. ಐದನೇ ತರಗತಿಯವನ ಪಾದವೂ ದೊಡ್ಡದು, ಓದೂ ಹೆಚ್ಚು. ವಯಸ್ಸನ್ನು ಸಮೀಕರಣಕ್ಕೆ ಸೇರಿಸಿದ ತಕ್ಷಣ ಶೂವಿನ ಮಹಿಮೆ ಮಾಯ.

"ಬ್ರಾಂಡೆಡ್ ಶೂ ಹಾಕುವವರು ಜಾಹೀರಾತು ನೋಡಿಯೇ ಕೊಳ್ಳುತ್ತಾರೆ" ಎಂದು ಯಾರಾದರೂ ವರದಿ ತಂದಾಗ ನಾವು ಮೊದಲು ಕೇಳಬೇಕಾದ್ದು ಇದೇ: ಮಧ್ಯದಲ್ಲಿ ಸಂಬಳ ಅಡಗಿ ಕೂತಿಲ್ಲ ತಾನೇ? ಜಾಹೀರಾತು ಹೆಚ್ಚು ನೋಡುವವನ ಕೈಯಲ್ಲಿ ಒಳ್ಳೆ ಫೋನಿದೆ, ಒಳ್ಳೆ ಫೋನಿದ್ದವನ ಜೇಬಲ್ಲಿ ದುಡ್ಡೂ ಇದೆ.

ನೀಲಿ ಬಾರು, ಕೆಂಪು ಬಾರು

ಕೊಂಡನೋ ಇಲ್ಲವೋ, ಇದನ್ನು ಕೊಂಡನೋ ಅದನ್ನು ಕೊಂಡನೋ ಎಂಬ ತೀರ್ಮಾನಗಳಿಗೆ ಬೇರೆಯದೇ ಸಮೀಕರಣ ಬೇಕು. ಯಾಕೆಂದರೆ ಅರ್ಧ ಚಪ್ಪಲಿ ಯಾರೂ ಕೊಳ್ಳುವುದಿಲ್ಲ. ಇಂಥ ಲೆಕ್ಕಕ್ಕೆ ಗಟ್ಟಿ ತಳಹದಿ ಹಾಕಿದವನು ಅಮೆರಿಕದ ಡೇನಿಯಲ್ ಮೆಕ್‌ಫಡನ್; 2000ದಲ್ಲಿ ನೊಬೆಲ್ ಬಂತು. ಸ್ಯಾನ್‌ಫ್ರಾನ್ಸಿಸ್ಕೊ ಕಡೆ ಹೊಸ ರೈಲು ಬರುವ ಮುಂಚೆ ಎಷ್ಟು ಜನ ಅದರಲ್ಲಿ ಓಡಾಡುತ್ತಾರೆ ಎಂಬ ಪ್ರಶ್ನೆ ಎದ್ದಾಗ, ಅಧಿಕಾರಿಗಳ ಅಂದಾಜು ನೂರಕ್ಕೆ 15. ಮೆಕ್‌ಫಡನ್ ತಂಡ ಹೇಳಿದ್ದು 6.3. ರೈಲು ಬಂದ ಮೇಲೆ ಹತ್ತಿದವರು 6.2! ಚಪ್ಪಲಿಯೋ ರೈಲೋ, ಲೆಕ್ಕದ ಬಗೆ ಒಂದೇ.

ಆದರೆ ಈ ಲೆಕ್ಕದಲ್ಲೂ ಒಂದು ಒಡಕಿದೆ. ಅದನ್ನು ಪಂಡಿತರು ಕೆಂಪು ಬಸ್ಸು, ನೀಲಿ ಬಸ್ಸಿನ ಉದಾಹರಣೆ ಕೊಟ್ಟು ಹೇಳುತ್ತಾರೆ. ನಾವು ಅದನ್ನು ಹವಾಯಿ ಚಪ್ಪಲಿಗೆ ಇಳಿಸೋಣ. ಒಂದು ಅಂಗಡಿಯಲ್ಲಿ ಚರ್ಮದ ಸ್ಯಾಂಡಲ್ಲು ಒಂದು, ನೀಲಿ ಬಾರಿನ ಹವಾಯಿ ಒಂದು. ನೂರು ಗಿರಾಕಿಗಳಲ್ಲಿ 50 ಇದಕ್ಕೆ, 50 ಅದಕ್ಕೆ ಎಂದು ಹಿಡಿಯಿರಿ. ಅಂಗಡಿಯವನು ಕೆಂಪು ಬಾರಿನ ಹವಾಯಿಯನ್ನೂ ತಂದಿಟ್ಟ. ಅದೇ ರಬ್ಬರು, ಅದೇ ಬೆಲೆ. ಸರಳ ಸೂತ್ರದ ಪ್ರಕಾರ ಮೂರಕ್ಕೂ 33, 33, 33. ಅಂದರೆ ಬಾರಿನ ಬಣ್ಣ ಬದಲಾಯಿಸಿದ ಮಾತ್ರಕ್ಕೆ ಚರ್ಮದ ಸ್ಯಾಂಡಲ್ಲಿನ ಹದಿನೇಳು ಗಿರಾಕಿಗಳು ಓಡಿಹೋದರು! ಯಾವ ಅಂಗಡಿಯಲ್ಲೂ ಹೀಗಾಗುವುದಿಲ್ಲ. ಚರ್ಮದವರು 50 ಹಾಗೇ ಉಳಿಯುತ್ತಾರೆ, ಹವಾಯಿಯವರು 25-25 ಹಂಚಿಕೊಳ್ಳುತ್ತಾರೆ. ಒಂದೇ ಜಾತಿಯ ಮಾಲನ್ನು ಒಂದೇ ಗೂಡಿನಲ್ಲಿಟ್ಟು ಲೆಕ್ಕ ಮಾಡಬೇಕು ಎಂದು ಆಮೇಲೆ ಸೂತ್ರ ತಿದ್ದಿದರು. ಕೌಂಟರಿನ ಹಿಂದೆ ಕೂತವನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಇನ್ನೂ ಒಂದು ಆಯ್ಕೆ ಉಂಟು. ಅದು ಅಂಗಡಿಯೊಳಗೇ ಇಲ್ಲ. ಏನೂ ಕೊಳ್ಳದೆ ಹಳೆಯದನ್ನೇ ಹೊಲಿಸಿಕೊಳ್ಳುವುದು! ರಸ್ತೆ ಬದಿ ಪೆಟ್ಟಿಗೆಯಂಗಡಿಯಲ್ಲಿ ಕೂತ ಸಮಗಾರರು ಉಂಗುಷ್ಠ ಹೊಲಿದು, ಅಟ್ಟೆಗೆ ಮೊಳೆ ಬಡಿದು, ಬಣ್ಣ ಹಚ್ಚಿ ಕೊಟ್ಟರೆ ಚಪ್ಪಲಿ ಇನ್ನಾರು ತಿಂಗಳು ನಡೆಯುತ್ತದೆ. ಪೇಟೆಯ ದೊಡ್ಡ ಅಂಗಡಿಗೆ ನಿಜವಾದ ಪೈಪೋಟಿ ಎದುರಿನ ಅಂಗಡಿಯಲ್ಲ, ಈ ಪೆಟ್ಟಿಗೆಯಂಗಡಿ. ರಾಜ್ಯ ಸರ್ಕಾರ 1976ರಲ್ಲಿ ಚರ್ಮ ಕೈಗಾರಿಕಾ ನಿಗಮ ಸ್ಥಾಪಿಸಿ 'ಲಿಡ್ಕರ್' ಎಂದು ಹೆಸರಿಟ್ಟಿತು. ಆದರೆ ಪ್ಲಾಸ್ಟಿಕ್ ಅಚ್ಚಿನಲ್ಲಿ ಎರಕ ಹೊಯ್ದ ಚಪ್ಪಲಿಗೆ ಹೊಲಿಗೆಯೇ ಇಲ್ಲ. ಬಾರು ಕಿತ್ತರೆ ಪಿನ್ನು, ಅಟ್ಟೆ ಒಡೆದರೆ ತಿಪ್ಪೆ. ರಿಪೇರಿಯ ಆಯ್ಕೆಯನ್ನು ಕಿತ್ತುಕೊಂಡ ಮೇಲೆ ಗಿರಾಕಿ "ಹೆಚ್ಚು ಹೆಚ್ಚು ಕೊಳ್ಳುತ್ತಿದ್ದಾನೆ" ಎಂದು ಕಂಪನಿಯ ಲೆಕ್ಕ ಹೇಳಿದರೆ, ಅದು ಅವನ ಇಷ್ಟವೋ, ಬೇರೆ ಗತಿಯಿಲ್ಲದೆಯೋ?

ಒಂದು ಪೈಸೆಯ ಆಟ

ಬಾಟಾ ಬೆಲೆ ಎಂದರೆ ನಮ್ಮಲ್ಲಿ ಗಾದೆಯಾಗಿಬಿಟ್ಟಿದೆ. ನೂರು ಎನ್ನುವುದಿಲ್ಲ, 99 ರೂಪಾಯಿ 95 ಪೈಸೆ. ಉಳಿದ ಐದು ಪೈಸೆ ಕೇಳುವ ಧೈರ್ಯ ಯಾರಿಗಿತ್ತು? 1894ರಲ್ಲಿ ಝ್ಲೀನ್ ಎಂಬ ಊರಲ್ಲಿ ಹುಟ್ಟಿದ ಕಂಪನಿ 1931ರಲ್ಲಿ ಭಾರತಕ್ಕೆ ಕಾಲಿಟ್ಟಿತು. ಕಲ್ಕತ್ತೆಯ ಪಕ್ಕದಲ್ಲಿ ಬಾಟಾನಗರವೆಂಬ ಊರೇ ಎದ್ದಿತು. ಇದು ಪರದೇಶದ್ದೆಂದು ಹಳ್ಳಿಯವರು ನಂಬದಷ್ಟು ನಮ್ಮದಾಗಿ ಹೋಯಿತು.

ಈ 9ರ ಆಟ ನಿಜವಾಗಿ ಕೆಲಸ ಮಾಡುತ್ತದೆಯೇ? ಅಮೆರಿಕದಲ್ಲಿ ಆಂಡರ್ಸನ್ ಮತ್ತು ಸಿಮೆಸ್ಟರ್ ಎಂಬಿಬ್ಬರು ಪರೀಕ್ಷೆ ಮಾಡಿ 2003ರಲ್ಲಿ ಪ್ರಕಟಿಸಿದರು. ಅಂಚೆಯಲ್ಲಿ ತರಿಸುವ ಹೆಂಗಸರ ಉಡುಪಿನ ಕ್ಯಾಟಲಾಗಿನಲ್ಲಿ ಒಂದೇ ಉಡುಪಿಗೆ ಬೇರೆ ಬೇರೆ ಜನಕ್ಕೆ ಬೇರೆ ಬೇರೆ ಬೆಲೆ ಅಚ್ಚು ಹಾಕಿಸಿದರು: 34, 39, 44 ಡಾಲರು. ಹೆಚ್ಚು ಖರ್ಚಾದದ್ದು 39ರದು. 34ಕ್ಕಿಂತಲೂ ಹೆಚ್ಚು! ಅಗ್ಗದ್ದನ್ನು ಬಿಟ್ಟು ತುಟ್ಟಿಯದನ್ನು ಜನ ಕೊಂಡರು, 9 ಎಂಬ ಅಂಕಿ ನೋಡಿ. ಬರೀ ಬಿಲ್ ಪುಸ್ತಕ ಮಗುಚಿದರೆ ಇದು ಸಿಗುತ್ತಿರಲಿಲ್ಲ. ಬೆಲೆಯನ್ನು ಬೇಕೆಂದೇ ಬದಲಾಯಿಸಿ ನೋಡಿದ್ದರಿಂದ ಸಿಕ್ಕಿತು.

ನಮ್ಮ ದೇಶದಲ್ಲಿ ಬೆಲೆಯ ಗೆರೆ ಎಳೆಯುವವರಲ್ಲಿ ಸರ್ಕಾರವೂ ಒಂದು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಜೋಡಿಗೆ 500 ರೂಪಾಯಿವರೆಗೆ ಶೇ. 5 ತೆರಿಗೆ, ಮೇಲೆ ಶೇ. 18. ಮರುವರ್ಷ ಗೆರೆ 1,000ಕ್ಕೆ ಸರಿಯಿತು. 2022ರ ಜನವರಿ 1ರಿಂದ ಸಾವಿರದೊಳಗಿನದಕ್ಕೂ ಶೇ. 12 ಬಿತ್ತು. 2025ರ ಸೆಪ್ಟೆಂಬರ್ 22ರಿಂದ 2,500ರವರೆಗೆ ಮತ್ತೆ ಶೇ. 5. ಗೆರೆಯಿದ್ದ ಕಡೆ ಬೆಲೆಗಳು ಗೆರೆಯ ಈಚೆಗೇ ಗುಂಪುಗೂಡುವುದು ಸಹಜ. ತೆರಿಗೆಯ ಗೆರೆ ದಾಟಿ ಹತ್ತು ರೂಪಾಯಿ ಏರಿಸಿದರೆ ನೂರಕ್ಕೂ ಹೆಚ್ಚು ರೂಪಾಯಿ ತೆರಿಗೆ ಬೀಳುವಾಗ ಯಾವ ವ್ಯಾಪಾರಿ ದಾಟಿಯಾನು? 999ರ ಚೀಟಿ ಕಂಡು "ಗಿರಾಕಿಗೆ 9 ಇಷ್ಟ" ಎಂದು ಬರೆದ ವಿದ್ಯಾರ್ಥಿ ಗಿರಾಕಿಯ ಮನಸ್ಸನ್ನೂ, ತೆರಿಗೆ ಇಲಾಖೆಯ ಗೆರೆಯನ್ನೂ ಒಂದೇ ಬುಟ್ಟಿಗೆ ಹಾಕಿದಂತೆ.

ವರ್ಷಕ್ಕೊಮ್ಮೆಯ ನೆನಪು

ಮನೆ ಮನೆಯ ಖರ್ಚು ಬರೆಯುವ ರಾಷ್ಟ್ರೀಯ ಮಾದರಿ ಸಮೀಕ್ಷೆ 1950ರಲ್ಲಿ ಮಹಲನೋಬಿಸ್ ಅವರ ದೂರದೃಷ್ಟಿಯಿಂದ ಶುರುವಾದದ್ದು. ಅದರಲ್ಲಿ ಚರ್ಮದ ಶೂ ಬೇರೆ, ಚರ್ಮದ ಚಪ್ಪಲಿ ಬೇರೆ, ರಬ್ಬರು ಪ್ಲಾಸ್ಟಿಕ್ಕಿನದು ಬೇರೆ ಎಂದು ಸಾಲುಗಳಿವೆ. ಅಕ್ಕಿ ಬೇಳೆಗೆ ಮೂವತ್ತು ದಿನ, ತರಕಾರಿಗೆ ಏಳು ದಿನ ಹಿಂದಿನ ನೆನಪು ಕೇಳಿದರೆ, ಪಾದರಕ್ಷೆಗೆ 365 ದಿನ! ಕಾರಣ ಸರಳ. ಚಪ್ಪಲಿಯನ್ನು ತಿಂಗಳಿಗೊಮ್ಮೆ ಯಾರೂ ಕೊಳ್ಳುವುದಿಲ್ಲ. ತಿಂಗಳ ಲೆಕ್ಕ ಕೇಳಿದರೆ ಬಹುತೇಕ ಮನೆಗಳಲ್ಲಿ ಸೊನ್ನೆ ಬರುತ್ತದೆ, ಜಾತ್ರೆ ಮದುವೆ ನಡೆದ ಮನೆಯಲ್ಲಿ ಮಾತ್ರ ರಾಶಿ ಬರುತ್ತದೆ. 2023-24ರ ಸಮೀಕ್ಷೆಯಲ್ಲಿ ದೇಶದ ಹಳ್ಳಿಯ ಮನುಷ್ಯನ ತಿಂಗಳ ಸರಾಸರಿ ಖರ್ಚು 4,122 ರೂಪಾಯಿ, ಪಟ್ಟಣದವನದು 6,996 ಎಂದು ಬಂತು. ಊಟ, ಔಷಧಿ, ಬಸ್ಸು, ಶಾಲೆ ಎಲ್ಲಾ ಕಳೆದು ಉಳಿದದ್ದರಲ್ಲಿ ಕಾಲಿಗೆ ಬರುವುದು ಎಷ್ಟು ಎಂದು ಓದುಗರೇ ಊಹಿಸಿಕೊಳ್ಳಬಹುದು.

ಇಲ್ಲೇ ಬಡವನ ತುಟ್ಟಿ ಲೆಕ್ಕವೊಂದಿದೆ. ನಾಲ್ಕು ತಿಂಗಳಿಗೆ ಹರಿಯುವ 300 ರೂಪಾಯಿ ಚಪ್ಪಲಿ ಎಂದು ಹಿಡಿಯಿರಿ. ಎರಡು ವರ್ಷಕ್ಕೆ ಆರು ಜೋಡಿ, 1,800 ರೂಪಾಯಿ. ಎರಡು ವರ್ಷ ತಾಳುವ ಜೋಡಿಗೆ 800. ಒಂದೇ ಸಲಕ್ಕೆ 800 ಬಿಚ್ಚಲು ಆಗದವನು ಸಾವಿರ ರೂಪಾಯಿ ಹೆಚ್ಚು ಕೊಟ್ಟ. ಸಮೀಕರಣ ಇವನನ್ನು "ಬಾಳಿಕೆಗೆ ಬೆಲೆ ಕೊಡದ ಗಿರಾಕಿ" ಎಂದು ಕರೆಯುತ್ತದೆ. ಕರೆಯಲಿ ಬಿಡಿ.

ಮಕ್ಕಳ ವಿಷಯದಲ್ಲಿ ಮಾತ್ರ ಈ ಲೆಕ್ಕ ತಲೆಕೆಳಗು. ಮಗುವಿನ ಪಾದ ವರ್ಷಕ್ಕೆ ಸುಮಾರು ಒಂದು ಸೈಜು ಬೆಳೆಯುತ್ತದೆ. ಎರಡು ವರ್ಷ ಬಾಳುವ ಶೂ ತಂದರೆ ಎರಡನೇ ವರ್ಷ ಅದು ತಮ್ಮನಿಗೆ. ತಮ್ಮನಿಲ್ಲದಿದ್ದರೆ ಅಟ್ಟಕ್ಕೆ. "ಒಂದ್ ಸೈಜು ದೊಡ್ಡದೇ ಕೊಡ್ರಿ" ಎನ್ನುವ ತಾಯಿಯ ಮಾತಿನಲ್ಲಿ ಅಷ್ಟೂ ಲೆಕ್ಕ ಇದೆ.

ಲಕ್ಷ ಜನರ ಪಾದ

ಈ ಸೈಜೆಂಬುದೇ ನಮ್ಮದಲ್ಲ. ಇಂಗ್ಲಿಷರ ಒಂದು ಸೈಜೆಂದರೆ ಒಂದು ಅಂಗುಲದ ಮೂರನೇ ಒಂದು ಭಾಗ, ಅಂದರೆ ಹೆಚ್ಚುಕಡಿಮೆ ಎಂಟೂವರೆ ಮಿಲಿಮೀಟರು. ಹಿಂದೆ ಇಷ್ಟನ್ನು ಒಂದು ಬಾರ್ಲಿ ಕಾಳಿನ ಉದ್ದ ಎನ್ನುತ್ತಿದ್ದರಂತೆ. ಬಾರ್ಲಿ ಬೆಳೆಯದ ನಾಡಿನ ನಾವು ಅದೇ ಕಾಳಿನಲ್ಲಿ ಕಾಲು ಅಳೆಸಿಕೊಂಡು ಬಂದಿದ್ದೇವೆ.

ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚಿವರೆಗೆ ದೇಶದ 79 ಕಡೆ ಸುತ್ತಿ 1,01,880 ಜನರ ಪಾದವನ್ನು ಯಂತ್ರವಿಟ್ಟು ಅಳೆದರು. ಉತ್ತರದವರದು, ದಕ್ಷಿಣದವರದು, ಈಶಾನ್ಯದವರದು ಬೇರೆ ಬೇರೆ ಅಳತೆ ಬೇಕಾಗಬಹುದೆಂಬ ಊಹೆ ಮೊದಲಿಗಿತ್ತು. ಲೆಕ್ಕ ಮುಗಿದಾಗ ಇಡೀ ದೇಶಕ್ಕೆ ಒಂದೇ ಪದ್ಧತಿ ಸಾಕೆಂದು ಬಂತು. ನಮ್ಮ ಪಾದ ಅಗಲ. ಪರದೇಶದ ಅಳತೆಯ ಬೂಟು ನಮಗೆ ಇಕ್ಕಟ್ಟು. ಅಗಲಕ್ಕಾಗಿ ನಾವು ಉದ್ದದ ಬೂಟು ಕೊಳ್ಳುತ್ತೇವೆ. ಅದು ಹಿಂದೆ ಸಡಿಲ, ಲೇಸು ಬಿಗಿದು ಕಟ್ಟುವುದು, ಕಾಲು ಉಜ್ಜಿ ಬೊಬ್ಬೆ. ಹೊಸ ಪದ್ಧತಿಗೆ ಭಾರತದ ಹೆಸರಿನಿಂದ 'ಭಾ' ಎಂದು ಹೆಸರಿಟ್ಟು ವಯಸ್ಸಿಗೆ ತಕ್ಕಂತೆ ಎಂಟು ವರ್ಗ ಮಾಡಿ ಶಿಫಾರಸು ಕಳಿಸಿದರು.

ಗಿರಾಕಿಯ ವರ್ತನೆಯ ಮಾದರಿ ಮಾಡುವವರು ಇದನ್ನು ಗಮನಿಸಬೇಕು. "ಫಲಾನಾ ಬ್ರಾಂಡು ಜನಕ್ಕೆ ಇಷ್ಟವಿಲ್ಲ" ಎಂದು ಅವರ ಅಂಕಿ ಹೇಳುತ್ತಿರಬಹುದು. ಇಷ್ಟವಿಲ್ಲದಿರುವುದು ಬ್ರಾಂಡಲ್ಲ, ಕಾಲಿಗೆ ಹಿಡಿಸದ ಅಗಲ. ಆ ಅಂಕಣವೇ ಪ್ರಶ್ನೆಪತ್ರಿಕೆಯಲ್ಲಿ ಇಲ್ಲ.

ಆ ಸಮೀಕ್ಷೆಯ ಇನ್ನೊಂದು ಮಾತು ನಮ್ಮ ಜಿಲ್ಲೆಗೂ ಸೇರಿ ಎಲ್ಲಾ ಸರ್ಕಾರಿ ಶಾಲೆಗಳಿಗೆ ಬಹಳ ಮುಖ್ಯ. ಹೆಣ್ಣುಮಕ್ಕಳ ಪಾದ ಸುಮಾರು 11ನೇ ವಯಸ್ಸಿಗೇ ಪೂರ್ತಿ ಬೆಳೆದುಬಿಡುತ್ತದೆ. ಗಂಡುಮಕ್ಕಳದು 15-16ರವರೆಗೆ ಬೆಳೆಯುತ್ತದೆ.

ತರಗತಿಗೆ ದರ, ಪಾದಕ್ಕಲ್ಲ

ಈಗ ಸರ್ಕಾರದ ಶೂ ಯೋಜನೆಗೆ ಬನ್ನಿ. ಸರ್ಕಾರಿ ಶಾಲೆಯ ಮಗುವಿಗೆ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಸಾಕ್ಸು. ದುಡ್ಡು ಶಾಲೆಗೆ, ಖರೀದಿಯ ಹೊಣೆ ಎಸ್‌ಡಿಎಂಸಿಗೆ. 2022ರಲ್ಲಿ ಶೂ ಭಾಗ್ಯ ಇದೆಯೋ ಇಲ್ಲವೋ ಎಂದು ರಾಜ್ಯದಲ್ಲಿ ದೊಡ್ಡ ಗಲಾಟೆಯಾಗಿ, ಜುಲೈನಲ್ಲಿ 132 ಕೋಟಿ ರೂಪಾಯಿ ಮಂಜೂರಾಯಿತು. ಆಗಿನ ದರ: 1ರಿಂದ 5ನೇ ತರಗತಿಗೆ 265 ರೂಪಾಯಿ, 6ರಿಂದ 8ಕ್ಕೆ 295, 9 ಮತ್ತು 10ಕ್ಕೆ 325.

ಐದನೇ ತರಗತಿಯ ಹೆಣ್ಣುಮಗುವಿಗೆ ಹತ್ತು, ಹನ್ನೊಂದು ವರ್ಷ. ಸಮೀಕ್ಷೆಯ ಪ್ರಕಾರ ಆಕೆಯ ಪಾದ ದೊಡ್ಡ ಹೆಂಗಸಿನ ಪಾದದ ಹತ್ತಿರ ಬಂದಾಗಿದೆ. ಶೂ ಬೆಲೆ ಏರುವುದು ಸೈಜಿನ ಮೇಲೆ, ತರಗತಿಯ ಮೇಲಲ್ಲ. ದೊಡ್ಡವರ ಸೈಜಿನ ಶೂವನ್ನು, ಜೊತೆಗೆ ಎರಡು ಜೊತೆ ಸಾಕ್ಸನ್ನು, ಒಂದನೇ ತರಗತಿ ಮಗುವಿನ ದರಕ್ಕೇ ತರಬೇಕು. ಒಂದನೇ ತರಗತಿಗೂ ಐದನೇ ತರಗತಿಗೂ ಒಂದೇ ಗೆರೆ ಎಳೆದವರು ಯಾವ ಪಾದ ನೋಡಿ ಎಳೆದರು?

ತೆರಿಗೆಯದು ಬೇರೆ ಕಥೆ. 265 ರೂಪಾಯಿ ಇಡಿಯಾಗಿ ಶೂವಿಗೇ ಎಂದು ಹಿಡಿದು ಲೆಕ್ಕ ಹಾಕಿ ನೋಡಿದೆವು. ಶೇ. 5 ತೆರಿಗೆಯಿದ್ದಾಗ ಅದರಲ್ಲಿ ಮಾಲಿನ ಪಾಲು ಸುಮಾರು 252 ರೂಪಾಯಿ. ಶೇ. 12 ಆದ ಮೇಲೆ ಸುಮಾರು 237. ಜೋಡಿಗೆ ಹತ್ತಿರ ಹತ್ತಿರ 16 ರೂಪಾಯಿಯ ಮಾಲು ಹೋಯಿತು. ನೂರು ಮಕ್ಕಳ ಶಾಲೆಗೆ 1,600 ರೂಪಾಯಿ. ಸರ್ಕಾರವೇ ಕೊಟ್ಟ ದುಡ್ಡನ್ನು ಸರ್ಕಾರವೇ ತೆರಿಗೆಯಾಗಿ ಹಿಂದಕ್ಕೆ ಎಣಿಸಿಕೊಂಡಂತಾಯಿತು. 2025ರ ಸೆಪ್ಟೆಂಬರಿನಿಂದ ಆ 16 ರೂಪಾಯಿ ಮರಳಿ ಶೂವಿನ ಅಟ್ಟೆಗೆ ಸೇರಬೇಕು. ಸೇರಿತೋ, ನಡುವೆ ನಿಂತಿತೋ ಎಂದು ನೋಡುವುದು ಎಸ್‌ಡಿಎಂಸಿಯವರ ಕೆಲಸ. ಹಳೇ ಬಿಲ್ಲನ್ನೂ ಹೊಸ ಬಿಲ್ಲನ್ನೂ ಪಕ್ಕ ಪಕ್ಕ ಇಟ್ಟರೆ ಸಾಕು, ಯಾವ ಸಮೀಕರಣವೂ ಬೇಡ.

ಗ್ರಾಹಕರ ಆಯ್ಕೆಯ ಮಾದರಿಗಳೆಲ್ಲಾ ಒಂದು ಮಾತನ್ನು ಒಪ್ಪಿಕೊಂಡೇ ಹೊರಡುತ್ತವೆ: ಕೊಳ್ಳುವವನೇ ಹಾಕಿಕೊಳ್ಳುತ್ತಾನೆ, ಕಚ್ಚಿದರೆ ಮುಂದಿನ ಸಲ ಬೇರೆ ಅಂಗಡಿಗೆ ಹೋಗುತ್ತಾನೆ. ಸರ್ಕಾರಿ ಶೂವಿನಲ್ಲಿ ದುಡ್ಡು ಕೊಡುವವರು ಬೆಂಗಳೂರಿನಲ್ಲಿ, ಆರಿಸುವವರು ಸಮಿತಿಯಲ್ಲಿ, ಹಾಕುವುದು ಮಗು. ಕಚ್ಚಿದರೆ ಮಗು ಹೋಗುವುದಕ್ಕೆ ಬೇರೆ ಅಂಗಡಿ ಇಲ್ಲ. ಶೂ ಬಿಚ್ಚಿ ಚೀಲದಲ್ಲಿಟ್ಟುಕೊಂಡು ಬರಿಗಾಲಲ್ಲಿ ನಡೆಯುತ್ತದೆ. ಇದು ಯಾವ ಬಿಲ್ ಪುಸ್ತಕಕ್ಕೂ ಏರುವುದಿಲ್ಲ.

ಮಾಡಬಹುದಾದ್ದು ದೊಡ್ಡದೇನಲ್ಲ. ಶಾಲೆ ತೆರೆದ ಮೊದಲ ವಾರವೇ ಪ್ರತಿ ಮಗುವಿನ ಪಾದವನ್ನು ಹಳೇ ಪೇಪರಿನ ಮೇಲೆ ಇಡಿಸಿ ಪೆನ್ಸಿಲಿನಲ್ಲಿ ಗೆರೆ ಎಳೆದು, ಉದ್ದವನ್ನೂ ಅಗಲವನ್ನೂ ಹಾಜರಿ ಪುಸ್ತಕದ ಪಕ್ಕ ಬರೆಯಬಹುದು. ಅರವತ್ತು ಮಕ್ಕಳ ಶಾಲೆಗೆ ಒಂದು ಮಧ್ಯಾಹ್ನದ ಕೆಲಸ. ಪಟ್ಟಿ ಕೈಯಲ್ಲಿದ್ದರೆ ಯಾವ ಸೈಜು ಎಷ್ಟು ಜೋಡಿ ಎಂದು ವ್ಯಾಪಾರಿಗೆ ಬರೆದು ಕೊಡಬಹುದು. "ಈ ಸೈಜು ಖಾಲಿ ಐತ್ರಿ, ಇದ್ರಾಗೇ ಹೊಂದಿಸ್ಕೊಳ್ರಿ" ಎಂಬ ಮಾತಿಗೆ ಜಾಗವಿರುವುದಿಲ್ಲ. ತಾಲ್ಲೂಕಿನ ಎಲ್ಲಾ ಶಾಲೆಗಳ ಪಟ್ಟಿ ಬಿಇಒ ಕಚೇರಿಯಲ್ಲಿ ಕೂಡಿದರೆ ದರವನ್ನು ತರಗತಿಗೆ ಬದಲಾಗಿ ಪಾದಕ್ಕೆ ಕಟ್ಟಲು ಬೇಕಾದ ಅಂಕಿಗಳು ಅಲ್ಲೇ ಇರುತ್ತವೆ. ಪಾದ ಇಡಿಸಲು ನಮ್ಮ ಪತ್ರಿಕೆಯ ಹಾಳೆಯೇ ಆದರೂ ಅಡ್ಡಿಯಿಲ್ಲ. ಓದಿ ಮುಗಿದ ಮೇಲೆ.